ಎಡಗಡೆಯದು ನನ್ನದು, ಬಲಗಡೆಯದು ಅತ್ತೆಯದು

ಹುಣಸೆಹಣ್ಣಿಗೆ ಬಗ್ಗದ ಕೊಳೆ ಈ ಭೂಮಿಯ ಮೇಲೆ ಇಲ್ಲವೆಂಬುದು ನನ್ನ ಅತ್ತೆಯ ಸಿದ್ಧಾಂತ. ದೇವರ ಮನೆಯ ದೀಪದ ಕಂಬದಿಂದ ಬಚ್ಚಲುಮನೆಯ ಹಂಡೆಯವರೆಗೆ ಅವರು ಇದನ್ನು ಸಾಧಿಸಿ ತೋರಿಸಿದ್ದಾರೆ. ಗೀಸರ್ ಬಂದು ಹಂಡೆ ಅಟ್ಟ ಸೇರಿದ ಮೇಲೂ, ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಅದನ್ನು ಕೆಳಗಿಳಿಸಿ, ಉಜ್ಜಿ, ಅದರಲ್ಲಿ ತಮ್ಮ ಮುಖ ನೋಡಿಕೊಂಡು, ಮತ್ತೆ ಅಟ್ಟಕ್ಕೆ ಏರಿಸುತ್ತಾರೆ. ಇಂಥವರ ಎದುರು ನಾನು ಟೂತ್‌ಪೇಸ್ಟ್ ಹಿಡಿದು ನಿಂತೆ. ಸ್ಪರ್ಧೆ ನಡೆದದ್ದು ನಮ್ಮ ಕಾರಿನ ಎರಡು ಹೆಡ್‌ಲೈಟುಗಳ ಮೇಲೆ.

ಕಾರು ನನ್ನದು. ಆರ್‌ಸಿಯಲ್ಲಿ ನನ್ನ ಹೆಸರಿದೆ, ಸಾಲ ತೀರಿದ್ದು ನನ್ನ ಸಂಬಳದಲ್ಲಿ, ಓಡಿಸುವುದೂ ನಾನೇ. ನಮ್ಮನೆಯವರು ಪಕ್ಕದ ಸೀಟಿನಲ್ಲಿ ಕೂತು ಅಲ್ಲಿಲ್ಲದ ಬ್ರೇಕನ್ನು ತುಳಿಯುತ್ತಾರೆ. ಮೈಸೂರಿನ ಕುವೆಂಪುನಗರದ ನಮ್ಮ ಮನೆಯನ್ನು ಮಾವ ಕಟ್ಟಿಸಿದಾಗ ಸ್ಕೂಟರಿನಾಚೆಗೆ ಯೋಚಿಸಿರಲಿಲ್ಲವಾದ್ದರಿಂದ ಕಾರು ಬೀದಿಯಲ್ಲೇ, ಹೊಂಗೆ ಮರದ ಕೆಳಗೆ ನಿಲ್ಲುತ್ತದೆ. ಮರದ ನೆರಳು ಪೂರ್ತಿ ಕಾರಿಗೆ ಸಾಲದು. ಒಂದು ದೀಪ ನೆರಳಲ್ಲಿ, ಇನ್ನೊಂದು ಮಧ್ಯಾಹ್ನದ ಬಿಸಿಲಲ್ಲಿ. ವರ್ಷಗಳು ಕಳೆದಂತೆ ನೆರಳಿನದು ಮಂಕಾಯಿತು. ಬಿಸಿಲಿನದು ಮಂಕಾಗಿ ಹಳದಿಯೂ ಆಯಿತು. ಈ ತಾರತಮ್ಯ ಮುಂದೆ ಒಂದು ನ್ಯಾಯದ ಪ್ರಶ್ನೆಯಾಗುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು!

ಇದಕ್ಕೆಲ್ಲ ಕಿಡಿ ಹಚ್ಚಿದವರು ಎದುರು ಮನೆಯ ಅಂಕಲ್. ಕೆಇಬಿಯಿಂದ, ಅಂದರೆ ಹಿಂದಿನ ವಿದ್ಯುತ್ ಮಂಡಳಿಯಿಂದ, ನಿವೃತ್ತರಾದವರು. ಕೆಇಬಿ ಎಂಬ ಹೆಸರೇ ಹೋಗಿ ಎಷ್ಟೋ ವರ್ಷವಾದರೂ ಅವರು ಮಾತ್ರ ಕೆಇಬಿಯಿಂದಲೇ ನಿವೃತ್ತರು. ಬೆಳಕು, ಕತ್ತಲೆ, ವೋಲ್ಟೇಜು, ಈ ವಿಷಯಗಳಲ್ಲಿ ಬೀದಿಯಲ್ಲಿ ಅವರ ಮಾತೇ ಕೊನೆಯದು. ಅವರ ಬಳಿ ಒಂದು ಯೆಜ್ಡಿ ಬೈಕ್ ಇದೆ. ಅದನ್ನು ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಂಕಲ್‌ರ ಯೆಜ್ಡಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಭಾನುವಾರ ಅದನ್ನು ಹೊರಗೆ ತಂದು, ದುಂಡನೆಯ ಹೆಡ್‌ಲೈಟಿನ ಗಾಜನ್ನು ಹಳೆಯ ಪಂಚೆಯ ತುಂಡಿನಿಂದ ಒರೆಸಿ, ನಮ್ಮ ಕಾರಿನ ಕಡೆಗೊಮ್ಮೆ ನೋಡಿ, ಒಂದು ಭಾನುವಾರ ಹೇಳಿಯೇಬಿಟ್ಟರು: "ಏನಮ್ಮಾ, ನಿಮ್ಮ ಕಾರಿಗೆ ಕಾಮಾಲೆ ತಗಲಿದ ಹಾಗಿದೆ. ಯಾರಾದ್ರೂ ನಾಟಿ ವೈದ್ಯರಿಗೆ ತೋರಿಸಬಾರದೇ?"

ಗಾಜು ಹಳದಿಯಾಗುವುದಿಲ್ಲ, ನಿಜ. ಅಂಬಾಸಡರ್, ಫಿಯಟ್‌ಗಳ ಕಾಲದವರು ಈ ರೋಗವನ್ನೇ ಕಾಣಲಿಲ್ಲ. ಆದರೆ ಈಗಿನ ಕಾರುಗಳಿಗೆ ಹಾಕುವುದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. 1953ರಲ್ಲಿ ಜರ್ಮನಿಯಲ್ಲಿ ಹರ್ಮನ್ ಶ್ನೆಲ್, ಅಮೆರಿಕದಲ್ಲಿ ಡೇನಿಯಲ್ ಫಾಕ್ಸ್, ಒಬ್ಬರ ಸುದ್ದಿ ಒಬ್ಬರಿಗೆ ಇಲ್ಲದೆ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಕಂಡುಹಿಡಿದದ್ದು. ಸುತ್ತಿಗೆಯಲ್ಲಿ ಹೊಡೆದರೂ ಸುಲಭಕ್ಕೆ ಒಡೆಯದ, ಗಾಜಿಗಿಂತ ಬಹಳ ಹಗುರವಾದ, ಯಾವ ಆಕಾರಕ್ಕೆ ಬೇಕಾದರೂ ಎರಕ ಹೊಯ್ಯಬಹುದಾದ ವಸ್ತು. ಚಂದ್ರನ ಮೇಲೆ ನಡೆದವರ ಶಿರಸ್ತ್ರಾಣಕ್ಕೂ ಇದನ್ನೇ ಬಳಸಿದರು. ಚಂದ್ರನ ಮೇಲೆ ಕಾರು ನಿಲ್ಲಿಸಿದವರು ಅಲ್ಲೇ ಬಿಟ್ಟು ಬಂದರು. ಹದಿನೈದು ವರ್ಷ ಕುವೆಂಪುನಗರದ ಬಿಸಿಲಲ್ಲಿ ನಿಲ್ಲಿಸಿ ನೋಡುವ ಪ್ರಸಂಗ ಅವರಿಗೆ ಬರಲಿಲ್ಲ.

ಹೌದು, ಹದಿನೈದು ವರ್ಷ ತುಂಬಲು ಬಂದಿತ್ತು. ಆರ್‌ಸಿ ನವೀಕರಣಕ್ಕೆ ಕಾರನ್ನು ತೋರಿಸಬೇಕು. ಸರಿ, ಮೊದಲು ಸರ್ವಿಸಿಗೆ ಬಿಡೋಣವೆಂದು ಹೋದೆವು. ಅಲ್ಲಿ ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಹುಡುಗ ಟ್ಯಾಬ್ ಹಿಡಿದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನಮ್ಮನೆಯವರ ಎದುರು ನಿಂತು, "ಸರ್, ಎರಡೂ ಹೆಡ್‌ಲೈಟ್ ಅಸೆಂಬ್ಲಿ ಹೊಸದೇ ಹಾಕ್ಬೇಕು. ಲೇಬರ್ ಸೇರಿ ಏಳು ಸಾವಿರದ ಚಿಲ್ಲರೆ ಆಗುತ್ತೆ ಸರ್" ಎಂದ.

"ಪಾಲಿಶ್ ಮಾಡಕ್ಕಾಗಲ್ವಾ?" ಎಂದು ಕೇಳಿದೆ ನಾನು.

"ಪಾಲಿಶ್ ನಿಲ್ಲಲ್ಲ ಸರ್" ಎಂದ, ನಮ್ಮನೆಯವರಿಗೆ.

"ಬಲ್ಬ್ ಯಾವುದಿದೆ ಇದರಲ್ಲಿ?" ಎಂದೆ.

"ಎಚ್4, 60/55 ವ್ಯಾಟ್ ಸರ್" ಎಂದ, ಮತ್ತೆ ಅವರಿಗೇ. ನನ್ನ ಪ್ರಶ್ನೆಗಳೆಲ್ಲ ನಮ್ಮನೆಯವರ ಹೊಟ್ಟೆಯೊಳಗಿಂದ ಬರುತ್ತಿವೆ ಎಂದು ಆ ಹುಡುಗ ನಂಬಿದಂತಿತ್ತು. ನಮ್ಮನೆಯವರಿಗೆ ಎಚ್4 ಎಂದರೆ ಕಾಗದದ ಅಳತೆ. ಅವರು ಬಹಳ ಗಂಭೀರವಾಗಿ "ಹೂಂ, ಯೋಚನೆ ಮಾಡಿ ಹೇಳ್ತೀವಿ" ಎಂದರು. ಕಾರಿನ ಕೀ ನನ್ನ ಕೈಯಲ್ಲಿತ್ತು. ಅದನ್ನು ಅವನ ಮೂಗಿನ ಮುಂದೆ ಒಂದಿಷ್ಟು ಜೋರಾಗಿಯೇ ಝಣಝಣ ಎನ್ನಿಸಿ ಹೊರಗೆ ಬಂದೆ. ಈ ದೀಪಗಳನ್ನು ನನ್ನ ಕೈಯಾರೆ ಬೆಳಗದಿದ್ದರೆ ನಾನು ಈ ಮನೆಯ ಸೊಸೆಯೇ ಅಲ್ಲ ಎಂದು ಗೇಟು ದಾಟುವಷ್ಟರಲ್ಲಿ ಶಪಥವೂ ಆಗಿತ್ತು.

ಮನೆಯಲ್ಲಿ ಸಭೆ ಸೇರಿತು. ಎರಡು ನಿಮಿಷದ ವಿಡಿಯೋಗಳನ್ನು ನೋಡಿ ಎಲ್ಲರೂ ತಜ್ಞರಾಗಿದ್ದೆವು. ಒಬ್ಬ ಅಡುಗೆ ಸೋಡಾಕ್ಕೆ ವಿನೆಗರ್ ಸುರಿಯುತ್ತಾನೆ, ಒಬ್ಬ ಕೋಲಾ ಸುರಿಯುತ್ತಾನೆ, ಒಬ್ಬ ಸೊಳ್ಳೆ ಓಡಿಸುವ ಸ್ಪ್ರೇ ಹೊಡೆಯುತ್ತಾನೆ. ನಮ್ಮನೆಯವರು ಸೊಳ್ಳೆ ಸ್ಪ್ರೇಗೆ ಮನಸೋತರು. ಅದರಲ್ಲಿ ಉಜ್ಜುವ ಕೆಲಸವೇ ಇಲ್ಲವಲ್ಲ. ಮಗಳು ತಡೆದಳು. ಅವಳು ಬಿಎಸ್ಸಿ ಕೆಮಿಸ್ಟ್ರಿ. ಆ ಸ್ಪ್ರೇಯಲ್ಲಿರುವ ಡೀಟ್ ಪ್ಲಾಸ್ಟಿಕ್ಕಿನ ಮೈಯನ್ನೇ ಕರಗಿಸುತ್ತದೆ, ಆ ಹೊತ್ತಿಗೆ ಫಳಫಳ ಎನ್ನುತ್ತದೆ, ಆಮೇಲೆ ಬಿರುಕು ಬಿಡುತ್ತದೆ ಎಂದಳು. ಕಾರ್ಖಾನೆಯಲ್ಲಿ ಡೂಮಿನ, ಅಂದರೆ ದೀಪದ ಹೊರ ಮುಚ್ಚಳದ, ಮೇಲೆ ಒಂದು ಗಟ್ಟಿ ಪಾರದರ್ಶಕ ಲೇಪ ಕೊಟ್ಟಿರುತ್ತಾರಂತೆ. ಧೂಳು, ಮರಳು, ಬಿಸಿಲು ಸೇರಿ ಅದನ್ನು ಸವೆಸುತ್ತವೆ. ಲೇಪ ಹೋದ ಮೇಲೆ ಸೂರ್ಯನ ಅತಿನೇರಳೆ ಕಿರಣ ನೇರ ಪಾಲಿಕಾರ್ಬೊನೇಟಿಗೇ ಬಿದ್ದು, ಅದರ ಉದ್ದನೆಯ ಅಣು ಸರಪಳಿಗಳನ್ನು ಕಡಿದು, ಬೇರೆ ಥರ ಜೋಡಿಸಿ, ಹಳದಿ ಬಣ್ಣದ ಹೊಸ ಅಣುಗಳನ್ನು ಹುಟ್ಟಿಸುತ್ತದೆ.

"ಅಂದ್ರೆ ಕೊಳೆ ಅಲ್ಲ. ವಸ್ತುವೇ ಹಾಳಾಗಿದೆ ಅಜ್ಜಿ" ಎಂದಳು.

ಅತ್ತೆ ಇಷ್ಟನ್ನೂ ಸಮಾಧಾನದಿಂದ ಕೇಳಿ, "ತಾಮ್ರದ ಹಂಡೆಗೂ ಹಾಗೇ ಕಣೇ ಆಗೋದು. ಹುಣಸೆಹಣ್ಣು ನೆನೆಹಾಕ್ತೀನಿ" ಎಂದು ಎದ್ದರು.

ಟೂತ್‌ಪೇಸ್ಟಿನ ಮೇಲೆ ನನಗಿದ್ದ ನಂಬಿಕೆ ಮಾತ್ರ ವೈಜ್ಞಾನಿಕ. ಅದರಲ್ಲಿ ಸುಣ್ಣದ ಕಲ್ಲಿನ ನುಣುಪು ಪುಡಿ ಇರುತ್ತದೆ, ಸಿಲಿಕಾ ಇರುತ್ತದೆ. ಹಲ್ಲನ್ನು ಉಜ್ಜುವುದು ಡೂಮನ್ನೇಕೆ ಉಜ್ಜಬಾರದು? ಅತ್ತೆ ಒಪ್ಪಲಿಲ್ಲ. ನಾನೂ ಹುಣಸೆಹಣ್ಣನ್ನು ಒಪ್ಪಲಿಲ್ಲ. ಮದುವೆಯಾಗಿ ಬಂದಾಗಿನಿಂದ ಉಪ್ಪಿನಕಾಯಿಯ ಉಪ್ಪು, ಸಾರಿನ ಪುಡಿಯ ಮೆಂತ್ಯ ಮುಂತಾದ ಹತ್ತಾರು ವಿಷಯಗಳಲ್ಲಿ ನಾನು ಬಿಟ್ಟುಕೊಟ್ಟಿದ್ದೇನೆ. ಇದು ಅಡುಗೆಮನೆಯ ಆಚೆಯ ವಿಷಯ. ಇಲ್ಲಿ ಬಿಟ್ಟುಕೊಡುವ ಪ್ರಶ್ನೆಯೇ ಇರಲಿಲ್ಲ. ಭಾನುವಾರ ಬೆಳಿಗ್ಗೆ, ಬಿಸಿಲು ಏರುವ ಮುಂಚೆ, ಒಬ್ಬೊಬ್ಬರಿಗೆ ಒಂದೊಂದು ದೀಪ ಎಂದು ತೀರ್ಮಾನವಾಯಿತು.

ಮೊದಲ ತಕರಾರು ದೀಪ ಹಂಚುವಾಗಲೇ ಎದ್ದಿತು. "ಎಡಗಡೆಯದು ನನ್ನದು" ಎಂದೆ. ಅತ್ತೆಯೂ "ಆಗಲಿ, ಬಲಗಡೆಯದು ನನಗೆ" ಎಂದು ತಮ್ಮ ಮಣೆ ತಂದು ನನ್ನ ದೀಪದ ಮುಂದೆಯೇ ಹಾಕಿದರು. ನಾನು ಹೇಳಿದ್ದು ಡ್ರೈವರ್ ಸೀಟಿನಲ್ಲಿ ಕೂತವರ ಎಡ. ಅವರು ಕಾರಿಗೆ ಎದುರಾಗಿ ನಿಂತು ನೋಡಿದವರ ಬಲ. ಎರಡೂ ಒಂದೇ ದೀಪ. ಹೊಂಗೆಯ ನೆರಳಿನದು, ಹಳದಿ ಇಲ್ಲದ್ದು. ಅತ್ತೆಗೆ ಇದು ಗೊತ್ತಿರಲಿಲ್ಲವೆಂದು ನಾನು ಇವತ್ತಿಗೂ ನಂಬಿಲ್ಲ. ಯೆಜ್ಡಿ ಒರೆಸುತ್ತಿದ್ದ ಅಂಕಲ್ ಯಾರೂ ಕರೆಯದೆ ಬಂದು ತೀರ್ಪು ಕೊಟ್ಟರು: "ವಾಹನದ ಎಡ ಬಲ ಅಂದ್ರೆ ಚಾಲಕರ ಎಡ ಬಲ. ಅದು ರೂಲ್ಸು." ಅತ್ತೆ ಮಣೆ ಎತ್ತಿಕೊಂಡು ಬಿಸಿಲಿನ ಕಡೆಗೆ ಹೋಗುತ್ತ, "ಹಳದಿ ದೀಪ ನನಗೆ ಬಂತು. ಇರಲಿ. ದೇವರಿದ್ದಾನೆ" ಎಂದರು, ಬೀದಿಗೆಲ್ಲ ಕೇಳುವಂತೆ.

ಉಜ್ಜಾಟ ಶುರುವಾಯಿತು. ನಾನು ಹಳೆಯ ಬ್ರಷ್ಷಿನಲ್ಲಿ ದಂತವೈದ್ಯರು ಹೇಳಿಕೊಟ್ಟ ಕ್ರಮದಲ್ಲೇ ಸಣ್ಣ ಸಣ್ಣ ವೃತ್ತ. ಅತ್ತೆ ತೆಂಗಿನ ನಾರಿಗೆ ಹುಣಸೆಹಣ್ಣು ಮೆತ್ತಿ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ. ಅವರ ಬಳೆಗಳ ಸದ್ದಿಗೆ ಒಂದು ಲಯವಿತ್ತು. ನನ್ನ ಬ್ರಷ್ಷಿನ ಸದ್ದಿಗೆ ಒಂದು ಸಂಕೋಚವಿತ್ತು. ಹಾಲಿನವನು ಬೈಕು ನಿಲ್ಲಿಸಿದ. ವಾಕಿಂಗ್ ಮುಗಿಸಿ ಬರುತ್ತಿದ್ದ ಗಂಡ ಹೆಂಡತಿ ನಿಂತರು. ಹೆಂಡತಿ ಅತ್ತೆಯ ಕಡೆ, ಗಂಡ ಇಬ್ಬರ ಕಡೆಯೂ ಅಲ್ಲ. ಎರಡನೇ ಮನೆಯ ಪುಟ್ಟ ಹುಡುಗ ನನ್ನ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತು, ನೊರೆಯನ್ನೇ ದಿಟ್ಟಿಸಿ, "ಆಂಟಿ, ಕಾರು ಎಲ್ಲಿ ಉಗುಳುತ್ತೆ?" ಎಂದ. ಸೊಪ್ಪಿನಮ್ಮ ಬುಟ್ಟಿ ಇಳಿಸಿ ಬಾನೆಟ್ಟಿಗೆ ಒರಗಿ ನಿಂತಳು. ನಮ್ಮನೆಯವರು ಪೇಪರ್ ಹಿಡಿದು ಕಾಂಪೌಂಡಿನ ಒಳಗೇ ಉಳಿದರು. ಅಮ್ಮ ಮತ್ತು ಹೆಂಡತಿ ಒಂದೇ ಕಣಕ್ಕೆ ಇಳಿದಾಗ ಗಂಡಸು ನಿಲ್ಲಬೇಕಾದ ಜಾಗ ಅದೇ ಎಂಬುದು ಅವರು ಬಹಳ ಕಷ್ಟಪಟ್ಟು ಕಲಿತ ವಿದ್ಯೆ.

"ಸಾಕು, ನೀರು ಹಾಕಿ" ಎಂದರು ಅಂಕಲ್. ಮಗಳು ಎರಡೂ ಕಡೆ ಚೊಂಬಿನಿಂದ ನೀರು ಸುರಿದಳು.

ಆ ಕ್ಷಣವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ನೊರೆ ಇಳಿಯಿತು, ಹುಣಸೆಯ ಗಸಿ ಇಳಿಯಿತು, ಎರಡು ದೀಪಗಳೂ ತಿಳಿಯಾಗಿ ಹೊಳೆದವು. ಒಳಗಿನ ಬಲ್ಬು ಕಂಡಿತು. ಬಲ್ಬಿನ ಹಿಂದಿನ ಬೆಳ್ಳಿ ಬಟ್ಟಲು ಕಂಡಿತು. ಹಾಲಿನವನು ಚಪ್ಪಾಳೆ ತಟ್ಟಿದ. ಎರಡರಲ್ಲಿ ಯಾವುದು ಹೆಚ್ಚು ತಿಳಿ ಎಂದು ಅಂಕಲ್ ಸೊಂಟಕ್ಕೆ ಕೈಯಿಟ್ಟು ಬಗ್ಗಿ ನೋಡಿದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಎರಡು ಹೆಜ್ಜೆ ಹಿಂದೆ ಬಂದು ಒಂದು ಕಣ್ಣು ಮುಚ್ಚಿ ನೋಡಿದರು. ಕೊನೆಗೆ, "ಸತ್ಯ ಹೇಳ್ಬೇಕು ಅಂದ್ರೆ, ಅಮ್ಮನವರದ್ದು ಒಂದು ಗುಲಗಂಜಿ ಮೇಲು" ಎಂದರು. ಅತ್ತೆ ಮಣೆಯಿಂದ ಏಳದೆಯೇ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ನೋಡಿದರು. ಬೈಗುಳವಾಗಿದ್ದರೆ ಸಹಿಸುತ್ತಿದ್ದೆ, ಅದು ಕರುಣೆಯ ನೋಟ.

ಆಗ ಪುಟ್ಟ ಹುಡುಗ, "ಅಯ್ಯೋ, ಹೋಗ್ತಾ ಇದೆ" ಎಂದ.

ಎಲ್ಲರೂ ತಿರುಗಿದೆವು. ಹೊಂಗೆಯ ನೆರಳು ದಾಟಿ ಬಿಸಿಲು ಇಣುಕಿತ್ತು. ಅತ್ತೆಯ ದೀಪದ ಮೇಲಿನ ಅಂಚಿನಿಂದ ನೀರು ಆರುತ್ತ ಬಂತು, ಆರಿದಲ್ಲೆಲ್ಲ ಮಂಕು ಕೆಳಗಿಳಿಯುತ್ತ ಬಂತು. ಹಣೆ ಮುಚ್ಚಿತು. ನಡು ಮುಚ್ಚಿತು. ಒಂದು ಮೂಲೆಯಲ್ಲಿ ರೂಪಾಯಿಯಷ್ಟಗಲ ತಿಳಿ ಉಳಿದು, ಅಷ್ಟೂ ಜನರ ಕಣ್ಣೆದುರಿಗೆ ಅದೂ ಕುಗ್ಗಿ ಎಂಟಾಣೆಯಾಗಿ, ನಾಲ್ಕಾಣೆಯಾಗಿ, ಇಲ್ಲವಾಯಿತು. ನನ್ನ ಮುಖದಲ್ಲಿ ನಗು ಮೂಡುವುದರೊಳಗೆ ನೆರಳಿನಲ್ಲಿದ್ದ ನನ್ನದೂ ಅದೇ ದಾರಿ ಹಿಡಿಯಿತು. ಯಾರೂ ಮಾತಾಡಲಿಲ್ಲ.

"ನೀರು, ನೀರು!" ಎಂದರು ಅಂಕಲ್, ಟ್ರಾನ್ಸ್‌ಫಾರ್ಮರಿಗೆ ಬೆಂಕಿ ಬಿದ್ದದ್ದನ್ನು ಕಂಡವರಂತೆ. ಮಗಳು ಮತ್ತೊಂದು ಚೊಂಬು ಸುರಿದಳು. ಮತ್ತೆ ತಿಳಿಯಾಯಿತು. ಮತ್ತೆ ಚಪ್ಪಾಳೆ. ಮತ್ತೆ ಆರಿತು. ಮತ್ತೆ ಮೌನ. ಚೊಂಬು ಕೈಯಿಂದ ಕೈಗೆ ಹೋಯಿತು. ಕಾರನ್ನು ಮಳೆಗಾಲದಲ್ಲಿ ಮಾತ್ರ ಓಡಿಸಬಹುದೆಂದು ಹಾಲಿನವನು ಹೇಳಿದ. ಸೊಪ್ಪಿನಮ್ಮ ಮಾತ್ರ ನಮ್ಮ ಅಜ್ಞಾನಕ್ಕೆ ಮರುಗಿ, "ನೀರು ಚುಮುಕಿಸ್ತಾನೇ ಇರ್ಬೇಕು ಕಣವ್ವ. ನಾನು ದಂಟಿನ ಸೊಪ್ಪಿಗೆ ಇನ್ನೇನ್ ಮಾಡ್ತೀನಿ ಅಂದ್ಕಂಡೆ?" ಎಂದಳು. ಅವಳ ಬುಟ್ಟಿಯ ಸೊಪ್ಪು ಬೆಳಗಿನಿಂದ ಸಂಜೆಯವರೆಗೆ ಈಗತಾನೇ ಕಿತ್ತಂತೆ ಕಾಣುವ ಗುಟ್ಟು ಹೀಗೆ ಅನಾಯಾಸವಾಗಿ ಹೊರಬಿತ್ತು.

ಮಗಳು ಇದಕ್ಕೆ ವಿವರಣೆ ಕೊಟ್ಟಳು. ಸವೆದ ಮೈಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ಗುಳಿ, ಗೀರು. ಅಲ್ಲಿಗೆ ಬಂದ ಬೆಳಕು ನೇರ ಹೋಗದೆ ದಿಕ್ಕಾಪಾಲಾಗಿ ಚದುರುತ್ತದೆ. ಗಾಳಿಯ ವಕ್ರೀಭವನ ಸೂಚ್ಯಂಕ 1, ಪಾಲಿಕಾರ್ಬೊನೇಟಿನದು 1.58. ಗುಳಿಯಲ್ಲಿ ನೀರು ತುಂಬಿದರೆ ಅಲ್ಲಿ 1.33 ಆಗಿ, ಅಂತರ ಕಡಿಮೆಯಾಗಿ, ಚದುರುವುದೂ ಕಡಿಮೆಯಾಗುತ್ತದೆ. ನೀರು ಆರಿದರೆ ಗುಳಿ ಗುಳಿಯೇ.

"ಆರದೇ ಇರೋದು ಏನಾದ್ರೂ ತುಂಬಬೇಕು, ಅಷ್ಟೇ ತಾನೇ?" ಎಂದು ಅತ್ತೆ ಒಳಗೆ ಹೋಗಿ ಕೊಬ್ಬರಿ ಎಣ್ಣೆಯ ಬಾಟಲಿ ತಂದರು. ಅಂಗೈಗೆ ಸುರಿದುಕೊಂಡು, ಮಗುವಿನ ನೆತ್ತಿಗೆ ಹಚ್ಚುವಷ್ಟು ಅಕ್ಕರೆಯಿಂದ ಎರಡೂ ದೀಪಗಳಿಗೆ ತಟ್ಟಿದರು. ಎರಡೂ ತಿಳಿಯಾದವು. ಬಿಸಿಲು ಬಂತು, ಹಾಗೆಯೇ ಉಳಿದವು. ಮಗಳು ಫೋನಿನಲ್ಲಿ ಹುಡುಕಿ ಮುಖ ಸಣ್ಣದು ಮಾಡಿಕೊಂಡಳು: ಕೊಬ್ಬರಿ ಎಣ್ಣೆಯ ಸೂಚ್ಯಂಕ 1.45, ನೀರಿಗಿಂತ ಎಷ್ಟೋ ಮೇಲು. ಭೌತಶಾಸ್ತ್ರವೂ ಅತ್ತೆಯ ಪಕ್ಷ ಸೇರಿತ್ತು. ಅಂಕಲ್ ಇಬ್ಬರ ಹೆಸರಿನಲ್ಲೂ ಒಂದು ಲೋಟ ಕಾಫಿ ಕುಡಿದು ಹೋದರು.

ಆ ವಾರವೇ ಅತ್ತೆಯ ತವರಿನಲ್ಲಿ, ನಾಗಮಂಗಲದ ಕಡೆಯ ಹಳ್ಳಿಯಲ್ಲಿ, ಒಂದು ನಾಮಕರಣ. ಊಟ, ಮಾತು, ಅವರೇಕಾಯಿ ಚೀಲ, ಇನ್ನೊಂದು ಸುತ್ತಿನ ಮಾತು ಎಲ್ಲ ಮುಗಿದು ಹೊರಡುವಾಗ ಕತ್ತಲಾಗಿತ್ತು. ಹಳ್ಳಿಯ ಮಣ್ಣು ದಾರಿಯ ಧೂಳು ಎಣ್ಣೆಯ ಮೇಲೆ ಕೂತು, ಅದರ ಮೇಲೆ ಹುಳುಗಳು ಬಂದು ಅಂಟಿ, ಅರ್ಧ ತಾಸಿನಲ್ಲಿ ನಮ್ಮ ಎರಡೂ ದೀಪಗಳ ಮೇಲೆ ಒಳ್ಳೆಯ ಗಾರೆ ಮೆತ್ತಿಕೊಂಡಿತ್ತು. ಅದು ಹುರುಳಿ ಒಕ್ಕಣೆಯ ಕಾಲ. ಮಂಡ್ಯ, ಹಾಸನದ ಕಡೆಯವರಿಗೆ ಹೇಳಬೇಕಿಲ್ಲ. ಕಣಗಳೆಲ್ಲ ಸೈಟುಗಳಾದ ಮೇಲೆ ಡಾಂಬರು ರಸ್ತೆಯೇ ಕಣ. ಬಳ್ಳಿ ಹಾಸುತ್ತಾರೆ, ಓಡಾಡುವ ಗಾಡಿಗಳು ತುಳಿಯುತ್ತವೆ, ರಾತ್ರಿ ಸುತ್ತ ಕಲ್ಲಿಟ್ಟು ಕಾಯುತ್ತಾರೆ. ಅದೇ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರಾಕ್ಟರುಗಳು, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ. ಎದುರಿನಿಂದ ದೊಡ್ಡ ಕಾರೊಂದು ಬಂತು. ಬಿಳಿ ದೀಪ, ಅದೂ ಹೈಬೀಮಿನಲ್ಲಿ. ನಾನು ಡಿಮ್ ಮಾಡಿ, ಮತ್ತೆ ಹಾಕಿ, ಮತ್ತೆ ಡಿಮ್ ಮಾಡಿ ಬೇಡಿಕೊಂಡೆ. ರಸ್ತೆಯನ್ನು ದುಡ್ಡು ಕೊಟ್ಟು ಕೊಂಡವನ ಹಾಗೆ ಅವನು ಹಾಗೆಯೇ ದಾಟಿ ಹೋದ. ಅವನು ಹೋದ ಮೇಲೆ ಕಣ್ಣಿಗೆ ಉಳಿದದ್ದು ಕಪ್ಪು.

ಆ ಕಪ್ಪಿನೊಳಗಿಂದ ಸಾಲಾಗಿಟ್ಟ ಕಲ್ಲುಗಳು ಕಂಡವು. ಕಲ್ಲಿನಾಚೆ ಹುರುಳಿಯ ಮೆದೆ. ಮೆದೆಯ ಪಕ್ಕದಲ್ಲಿ ಒಂದು ಕಂಬಳಿ, ಕಂಬಳಿ ಅಲ್ಲಾಡಿತು. ಬ್ರೇಕನ್ನು ಎಷ್ಟು ಬಲವಾಗಿ ತುಳಿದೆನೆಂದರೆ ಹಿಂದಿನ ಸೀಟಿನ ಅವರೇಕಾಯಿ ಮುಂದೆ ಬಂತು. ಕಾರು ನಿಂತಿತು. ಕಂಬಳಿಯಿಂದ ಒಬ್ಬ ಮುದುಕ ಎದ್ದು ಬಂದ. ಬೈಯುತ್ತಾನೆಂದು ಕಾದೆ. ಬೈಯಲಿಲ್ಲ.

"ಯಾಕವ್ವಾ, ಲೈಟ್ ಹಾಕ್ಕಂಡ್ ಬರಾದಲ್ವಾ?" ಎಂದ.

"ಹಾಕಿದೀನಲ್ಲ ಯಜಮಾನ್ರೇ" ಎಂದೆ. ನನ್ನ ದನಿ ನನ್ನದಾಗಿರಲಿಲ್ಲ.

ಅವನು ಕಾರಿನ ಮುಂದೆ ಹೋಗಿ, ಬಗ್ಗಿ, ಕೈ ಅಡ್ಡ ಹಿಡಿದು ನೋಡಿದ. "ಹತ್ತೈತೆ ಕಣವ್ವ, ಹತ್ತೈತೆ" ಎಂದ, ಸಮಾಧಾನ ಮಾಡುವಂತೆ. "ನಿಧಾನಕ್ಕೋಗಿ."

ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಮೆರಿಕದ ವಾಹನ ಸವಾರರ ಸಂಘ ಎಎಎ 2018ರಲ್ಲಿ ಪರೀಕ್ಷಿಸಿ ಹೇಳಿದ ಪ್ರಕಾರ, ಹೀಗೆ ಮಂಕಾದ ಹೆಡ್‌ಲೈಟು ಕೊಡುವುದು ಹೊಸದರ ಐದನೇ ಒಂದು ಪಾಲಿನಷ್ಟು ಬೆಳಕನ್ನು ಮಾತ್ರ. ಆ ಬೆಳಕಿನಲ್ಲಿ ಒಬ್ಬ ಮನುಷ್ಯ ಕಾಣುವುದಕ್ಕೂ ಅವನ ಮೇಲೆ ಗಾಡಿ ಹೋಗುವುದಕ್ಕೂ ನಡುವೆ ಬಹಳ ಸಮಯ ಇರುವುದಿಲ್ಲ. ಬೀದಿಯಲ್ಲಿ ನಕ್ಕದ್ದು ಬೀದಿಗೆ ಸರಿ. ಆ ರಸ್ತೆಯಲ್ಲಿ ದೀಪ ನನಗಾಗಿ ಇರಲಿಲ್ಲ, ಅವನಿಗಾಗಿ ಇತ್ತು. ಮೈಸೂರು ಮುಟ್ಟುವವರೆಗೆ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಅತ್ತೆ ಮಾತ್ರ ಇಳಿಯುವಾಗ, "ನಾಳೆ ಯಾರಾದರೂ ಬಲ್ಲವರನ್ನ ಕೇಳು" ಎಂದರು. ಅವರ ಬಾಯಲ್ಲಿ ಇದು ಕೈಬರಹದ ರಾಜೀನಾಮೆಗೆ ಸಮ.

ಬಲ್ಲವನು ಟಿಂಕರಿಂಗ್ ಶೆಡ್ಡಿನ ಪೇಂಟರ್ ಹುಡುಗ. ಅವನು ಮೊದಲ ಮಾತಿನಲ್ಲೇ ನನ್ನ ಮನಸ್ಸು ಗೆದ್ದ. ನನ್ನ ಮುಖ ನೋಡಿಯೇ ಮಾತಾಡಿದ. "ಮೇಡಂ, ಎಣ್ಣೆ ಗಿಣ್ಣೆ ಎಲ್ಲ ಬೇಡ. ಮೇಲಿಂದು ಪೂರ್ತಿ ತೆಗೀಬೇಕು. ವಾಟರ್ ಪೇಪರ್, ಅಂದ್ರೆ ನೀರಲ್ಲಿ ಉಜ್ಜೋ ಉಪ್ಪು ಕಾಗದ, ತಗೊಳಿ. 600, 1000, 1500, 2000. ನೀರು ಬಿಡ್ತಾನೇ ಉಜ್ಜಿ. ಒಂದ್ ಪೇಪರ್ ಅಡ್ಡಕ್ಕೆ, ಮುಂದಿಂದು ಉದ್ದಕ್ಕೆ. ಹಿಂದಿನ ಪೇಪರಿನ ಗೀರು ಪೂರ್ತಿ ಹೋಗೋವರೆಗೂ ಮುಂದಕ್ಕೆ ಹೋಗ್ಬೇಡಿ." ಆಮೇಲೆ ಸ್ವಲ್ಪ ತಡೆದು, "ಫಸ್ಟ್ ಪೇಪರ್ ಹಾಕ್ದಾಗ ಹಾಲು ಬಿಳಿ ಆಗುತ್ತೆ. ಹೆದ್ರಬೇಡಿ" ಎಂದ.

ಹೆದರಿದೆ. ಹಾಗಾಗುತ್ತದೆಂದು ಗೊತ್ತಿದ್ದೂ ಹೆದರಿದೆ. ಬಣ್ಣಕ್ಕೆ ತಗಲದಂತೆ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ, ಸೋಪಿನ ನೀರು ಬಿಟ್ಟುಕೊಂಡು 600ರಲ್ಲಿ ಉಜ್ಜಿದರೆ ಮೊದಲು ಹಳದಿ ನೀರು ಇಳಿಯುತ್ತದೆ. ಅದು ನಿಂತು ಬಿಳಿ ನೀರು ಬಂದರೆ ಹಳೆಯ ಲೇಪ ಹೋಗಿದೆ ಎಂದರ್ಥ. ಆ ಹೊತ್ತಿಗೆ ದೀಪ ಬಲ್ಬೂ ಕಾಣದಷ್ಟು ಬೆಳ್ಳಗಾಗಿರುತ್ತದೆ. ಅಂಕಲ್ ಬಂದು ನೋಡಿ, "ಛೇ, ಇದ್ದದ್ದೂ ಹೋಯ್ತಲ್ಲಮ್ಮಾ" ಎಂದು ಮನೆಯೊಳಗೆ ಹೋಗಿರುತ್ತಾರೆ. ಅಲ್ಲಿಂದ ಮುಂದಿನದೆಲ್ಲ ತೋಳಿನ ನೋವು. 2000 ಮುಗಿಯುವ ಹೊತ್ತಿಗೆ ಬಿಳುಪು ಹೋಗಿ ಮಬ್ಬು ಉಳಿದಿತ್ತು. ರಬ್ಬಿಂಗ್ ಕಾಂಪೌಂಡ್ ಹಾಕಿ ಮೆತ್ತನೆ ಬಟ್ಟೆಯಲ್ಲಿ ತಿಕ್ಕಿದಾಗ ಮಬ್ಬೂ ಹೋಯಿತು. ಒಣಗಲು ಬಿಟ್ಟು ಬಿಸಿಲಿಗೆ ಕಾದೆವು. ಬಿಸಿಲು ಬಂತು. ಡೂಮು ಹಾಗೆಯೇ ಇತ್ತು. ಅತ್ತೆ ಬೆರಳಿನಿಂದ ಮುಟ್ಟಿ ನೋಡಿ, ಬೆರಳನ್ನು ಮೂಸಿ ನೋಡಿ, ಎಣ್ಣೆಯಿಲ್ಲವೆಂದು ಖಾತ್ರಿ ಮಾಡಿಕೊಂಡರು.

ಕೆಲಸ ಅಲ್ಲಿಗೇ ಮುಗಿಯಿತೆಂದು ಬಿಡುವವರೇ ಹೆಚ್ಚು. ಆ ಸರ್ವಿಸ್ ಹುಡುಗ ಪಾಲಿಶ್ ನಿಲ್ಲುವುದಿಲ್ಲ ಎಂದದ್ದು ಈ ಕಾರಣಕ್ಕೆ ನಿಜವೇ. ಉಜ್ಜಿದ ಮೇಲೆ ಡೂಮಿನ ಮೈ ಬೆತ್ತಲೆ. ಅದರ ಮೇಲೆ ಹೊಸ ಲೇಪ ಕೊಡದಿದ್ದರೆ ಕೆಲವೇ ತಿಂಗಳಲ್ಲಿ ಬಿಸಿಲು ಮತ್ತೆ ಹಳದಿ ಬಳಿಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಅತಿನೇರಳೆ ತಡೆಯುವ ಕ್ಲಿಯರ್ ಕೋಟನ್ನು ತೆಳುವಾಗಿ, ಒಂದರ ಮೇಲೊಂದು ಪದರವಾಗಿ, ನೆರಳಿನಲ್ಲಿ, ಗಾಳಿಯಾಡುವ ಕಡೆ, ಮೂಗಿಗೆ ಮಾಸ್ಕ್ ಹಾಕಿಕೊಂಡು ಹೊಡೆದೆ. ಆ ಹೊಂಗೆಯ ನೆರಳು ಕೊನೆಗೂ ಒಂದು ಉಪಕಾರಕ್ಕೆ ಬಂತು. ಲೇಪ ಒಣಗುವವರೆಗೆ ಮರದಿಂದ ಒಂದು ಎಲೆಯೂ ಬೀಳದಂತೆ ಅತ್ತೆ ಕೊಡೆ ಹಿಡಿದು ನಿಂತರು, ಎರಡು ದೀಪಗಳಿಗೂ ಸಮನಾಗಿ.

ಸಂಜೆ ಅಂಕಲ್ ಬಂದರು. ಹಾಕಿ ಅಂದರು, ಹಾಕಿದೆ. ಅವರ ಗೇಟಿನ ಮೇಲೆ ಬೆಳಕು ಬಿದ್ದು, ಗೇಟಿನ ತುಕ್ಕೆಲ್ಲ ಸ್ಪಷ್ಟವಾಗಿ ಕಂಡಿತು. ಅವರು ಬಹಳ ಹೊತ್ತು ಸುಮ್ಮನಿದ್ದು, ಬಕೆಟ್ಟಿನಲ್ಲಿ ಉಳಿದ ನೀರನ್ನು ಚೆಲ್ಲಲು ಅದೇ ಆಗ ಒಳಗಿನಿಂದ ಬಂದಿದ್ದ ನಮ್ಮನೆಯವರ ಬೆನ್ನು ತಟ್ಟಿ, "ಭೇಷ್! ಒಳ್ಳೇ ಕೆಲಸ ಮಾಡಿದ್ರಿ ನೋಡಿ" ಎಂದರು. ನಮ್ಮನೆಯವರು ನನ್ನ ಕಡೆ ನೋಡಿದರು. ನಾನು ವಾಟರ್ ಪೇಪರಿನಿಂದ ಸವೆದು ರೇಖೆ ಅಳಿಸಿಹೋದ ನನ್ನ ಹೆಬ್ಬೆರಳನ್ನು ನೋಡಿಕೊಂಡೆ. ಉತ್ತರ ಬಂದದ್ದು ಅತ್ತೆಯಿಂದ: "ಅವನು ಬಕೆಟ್ ಎತ್ತಿದ್ದು ಕಣಪ್ಪಾ. ದೀಪ ಮಾಡಿದ್ದು ನನ್ನ ಸೊಸೆ." ಈ ಒಂದು ಮಾತಿಗಾಗಿ ಸಾರಿನ ಪುಡಿಯ ಮೆಂತ್ಯವನ್ನು ನಾನು ಶಾಶ್ವತವಾಗಿ ಬಿಟ್ಟುಕೊಟ್ಟಿದ್ದೇನೆ.

ಖರ್ಚಿನ ಲೆಕ್ಕ ಕೇಳುವವರಿಗೆ: ಕ್ಲಿಯರ್ ಕೋಟಿನ ಡಬ್ಬಿಯೇ ದುಬಾರಿ, ಎಲ್ಲ ಸೇರಿದರೂ ಆ ಏಳು ಸಾವಿರದ ಹತ್ತಿರಕ್ಕೂ ಬರುವುದಿಲ್ಲ. ಡೂಮಿನ ಒಳಗೇ ನೀರು ಕೂತು ಮಬ್ಬಾಗಿದ್ದರೆ, ಬೆಳ್ಳಿ ಬಟ್ಟಲು ಕಪ್ಪಾಗಿದ್ದರೆ ಹೊರಗೆ ಎಷ್ಟು ಉಜ್ಜಿದರೂ ಉಪಯೋಗವಿಲ್ಲ, ಆಗ ಹೊಸದನ್ನೇ ಹಾಕಿಸಿ. ಬೆಳಕು ಸಾಲದೆಂದು 100/90 ವ್ಯಾಟಿನ ಬಲ್ಬ್ ತುರುಕಬೇಡಿ. ಮಂಕು ಹಾಗೆಯೇ ಉಳಿದು ಶಾಖ ಮಾತ್ರ ಹೆಚ್ಚುತ್ತದೆ. ಈ ಸಂಜೆ ನಿಮ್ಮ ಕಾರಿನ ಲೈಟು ಹಾಕಿ, ಕೆಳಗಿಳಿದು, ಮುಂದೆ ಹೋಗಿ ನಿಂತು ಒಮ್ಮೆ ನೋಡಿ. ಹತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡುವ ಸ್ಥಿತಿ ಇದ್ದರೆ ಈ ಭಾನುವಾರವೇ ವಾಟರ್ ಪೇಪರ್ ತನ್ನಿ, ಕ್ಲಿಯರ್ ಕೋಟ್ ಇಲ್ಲದೆ ಕೆಲಸ ಮುಗಿಸಬೇಡಿ. ಮತ್ತು ಎದುರಿನಿಂದ ಗಾಡಿ ಬಂದಾಗ, ದಯವಿಟ್ಟು, ಡಿಮ್ ಮಾಡಿ.